ಸಾಬಮ್ಮನ ಹೋಳಿಗೆ, ಪಂಚಶೀಲಾಳ ಹದಿನೈದು ಟ್ಯೂಬು

ಕಮಲಾಪುರದಲ್ಲಿ ಪಂಚಶೀಲಾಳಿಗೆ ನಾಲಿಗೆ ತೋರಿಸದವರು ಕಡಿಮೆ. ಕಲಬುರಗಿಯ ಬಸ್ಸಿನಿಂದ ಇಳಿದು ಅವಳು ಮನೆ ಮುಟ್ಟುವಷ್ಟರಲ್ಲಿ ಒಬ್ಬರು ಮೊಣಕಾಲು, ಇನ್ನೊಬ್ಬರು ಕಣ್ಣು, ಮತ್ತೊಬ್ಬರು ಎಮ್ಮೆಯ ಕೆಚ್ಚಲನ್ನೂ ತೋರಿಸಿರುತ್ತಿದ್ದರು. ಅವಳ ಅಪ್ಪ ಮಾಪಣ್ಣ ಕಟ್ಟೆಯ ಮೇಲೆ ಕೂತಲ್ಲಿಂದಲೇ ಅವರಿಗೆಲ್ಲ ತಿಳಿಸಿ ಹೇಳುತ್ತಿದ್ದ.

"ಡಾಕ್ಟರ್ ಹೌದು. ಗುಳಗಿ ಕೊಡೋ ಡಾಕ್ಟರ್ ಅಲ್ಲ."

"ಮತ್ತ ಏನ ಕೊಡ್ತಾಳ?"

"ಏನೂ ಕೊಡಂಗಿಲ್ಲ. ನೋಡ್ತಾಳ, ಅಷ್ಟೇ."

ಅವಳು ನೋಡುತ್ತಿದ್ದುದು ಕ್ಷಯದ ರೋಗಾಣುವನ್ನು. ಸೇಡಂ ರಸ್ತೆಯ ಒಂದು ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಮೂರು ವರ್ಷದಿಂದ ಅದೇ ಅವಳ ಕೆಲಸ. ಆ ರೋಗಾಣು ಮೈಮೇಲೆ ಕೊಬ್ಬಿನ, ಮೇಣದ ಹೊದಿಕೆ ಹೊದ್ದಿರುತ್ತದೆ. ನಮ್ಮ ರಕ್ತದ ಕಾವಲು ಕಣಗಳು ಅದನ್ನು ಹಿಡಿದು ನುಂಗುತ್ತವೆ; ಆದರೆ ಆ ಮೇಣ ಅವನ್ನು ಮಂಕು ಮಾಡಿಬಿಡುತ್ತದೆ. ನುಂಗಿದ್ದು ಆ ಕಣಗಳ ಹೊಟ್ಟೆಯೊಳಗೇ ಬದುಕಿರುತ್ತದೆ. ಇದನ್ನು ಅವಳು ತನ್ನ ಅವ್ವ ಸಾಬಮ್ಮನಿಗೆ ಒಮ್ಮೆ ಬಿಡಿಸಿ ಹೇಳಿದ್ದಳು.

"ಮೈಗಿ ಎಣ್ಣಿ ಹಚಗೊಂಡು ಬಂದ ಕಳ್ಳ ಇದ್ದಂಗ, ಅವ್ವ. ಹಿಡದ್ರ ಜಾರತಾನ."

"ಕೈಗಿ ಬೂದಿ ಹಚಗೊಂಡು ಹಿಡೀಬೇಕು," ಎಂದಿದ್ದಳು ಸಾಬಮ್ಮ, ರೊಟ್ಟಿ ತಟ್ಟುತ್ತಲೇ.

ಈ ಮಾತನ್ನು ಕೇಳಿ ಅವಳ ಮಾರ್ಗದರ್ಶಕರಾದ ಸುಧಾಕರ ಸರ್ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ನಾವು ಹುಡುಕುತ್ತಿರುವುದು ಆ ಬೂದಿಯನ್ನೇ ಎಂದರು.

ಪಂಚಶೀಲಾ ಒಂಬತ್ತನೇ ತರಗತಿಯಲ್ಲಿದ್ದಾಗ ಮಾಪಣ್ಣನಿಗೆ ಕ್ಷಯ ಬಂದಿತ್ತು. ಮನೆ ಒಂದೇ ಕೋಣೆಯದು. ಅವನು ಕೆಮ್ಮಿದ ಗಾಳಿಯನ್ನೇ ಅವ್ವ ಮಗಳಿಬ್ಬರೂ ಉಸಿರಾಡಿದರು. ಆರು ತಿಂಗಳು ಸಾಬಮ್ಮ ಗುಳಿಗೆಗಾಗಿ ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಅದೇ ಬೆಂಚಿನ ಮೇಲೆ ತನ್ನ ಗಂಡ ನಾಗಣ್ಣನನ್ನು ಕರೆದುಕೊಂಡು ಬಂದ ಶಂಕ್ರಮ್ಮನೂ ಕೂರುತ್ತಿದ್ದಳು. ಗಂಡಂದಿರಿಬ್ಬರೂ ಗುಣವಾದರು. ಹೆಂಡಂದಿರಿಗೆ ಒಂದು ಕೆಮ್ಮೂ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ಪಂಚಶೀಲಾಳ ಪ್ರಶ್ನೆ.

ಉತ್ತರಕ್ಕೆ ಹದಿನೈದು ಜನರ ರಕ್ತ ಬೇಕಿತ್ತು. ರೋಗಿಯ ಜೊತೆ ಒಂದೇ ಮನೆಯಲ್ಲಿದ್ದೂ ರೋಗ ಹತ್ತದವರು. ರಕ್ತದಲ್ಲಿನ ಕೊಬ್ಬುಗಳನ್ನು ಬಿಡಿಬಿಡಿಯಾಗಿ ತೂಗುವ ಯಂತ್ರ ಇದ್ದುದು ಹೈದರಾಬಾದಿನಲ್ಲಿ. ಅಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಒಂದು ದಿನ, ಆ ತಿಂಗಳ ಇಪ್ಪತ್ತನೇ ತಾರೀಖು. ಮಾರ್ಚಿಗೆ ಅವಳ ಸಂಶೋಧನೆಯ ಅವಧಿಯೂ ಮುಗಿಯುತ್ತಿತ್ತು. ಈ ದಿನ ತಪ್ಪಿದರೆ ಮೂರು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಷರತ್ತು ಒಂದೇ: ರಕ್ತ ಕೊಡುವವರು ಖಾಲಿ ಹೊಟ್ಟೆಯಲ್ಲಿರಬೇಕು. ಉಂಡ ಕೊಬ್ಬು ರಕ್ತದಲ್ಲಿ ತೇಲಿದರೆ ಲೆಕ್ಕವೆಲ್ಲ ಕೆಡುತ್ತದೆ. ಜನರನ್ನು ಸೇರಿಸುವ ಹೊಣೆ ಸಾಬಮ್ಮ ಹೊತ್ತಳು. ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಪಂಚಶೀಲಾ ಮತ್ತು ಕೇಂದ್ರದಲ್ಲಿ ರಕ್ತ ತೆಗೆಯುವ ಹುಡುಗಿ ಉಮ್ಮೆ ಹಾನಿ ಕೂತರು. ಹದಿನೈದು ಜನ ಒಬ್ಬೊಬ್ಬರಾಗಿ ಬಂದರು. ಎಲ್ಲರ ಮುಖದಲ್ಲೂ ಒಂದು ಬಗೆಯ ತೃಪ್ತಿ ಇತ್ತು. ವಿಜ್ಞಾನಕ್ಕೆ ನೆರವಾದ ತೃಪ್ತಿ ಎಂದು ಪಂಚಶೀಲಾ ತಿಳಿದಳು.

ಮಧ್ಯಾಹ್ನ ಕಲಬುರಗಿಯಲ್ಲಿ ರಕ್ತದ ಟ್ಯೂಬುಗಳನ್ನು ಕೇಂದ್ರದಲ್ಲೇ ಇದ್ದ ಇನ್ನೊಂದು ಯಂತ್ರಕ್ಕಿಟ್ಟು ತಿರುಗಿಸಿದರು. ಕೆಂಪು ಕೆಳಗೆ ಕೂತಿತು. ಮೇಲೆ ತಿಳಿ ಹಳದಿ ನೀರು ನಿಲ್ಲಬೇಕಿತ್ತು. ಬೆಳ್ಳಗೆ ನಿಂತಿತ್ತು.

"ಅಕ್ಕಾ, ಇದು ರಕ್ತ ಏನ್ರಿ, ಮಜ್ಜಿಗಿ?" ಎಂದಳು ಉಮ್ಮೆ ಹಾನಿ.

ಸುಧಾಕರ ಸರ್ ಕನ್ನಡಕ ಏರಿಸಿ ನೋಡಿದರು. "ಪಂಚಶೀಲಾ, ಇವ್ರು ಉಂಡಾರ."

"ಇಲ್ಲ ಸರ್. ಉಪವಾಸ ಬರಬೇಕಂತ ಎಲ್ಲಾರಿಗೂ ಹೇಳೀನಿ."

"ನೀವು ಹೇಳೀರಿ. ರಕ್ತ ಬ್ಯಾರೇನೇ ಹೇಳಾಕತ್ತದ."

ಹದಿನೈದರಲ್ಲಿ ಹದಿಮೂರು ಮಜ್ಜಿಗೆ. ತಿಳಿಯಾಗಿದ್ದವು ಎರಡೇ. ಒಂದು ಅಕ್ಬರಿ ಬೇಗಂಳದು. ಅವಳಿಗೆ ಎರಡು ದಿನದಿಂದ ಹಲ್ಲುನೋವು. ಇನ್ನೊಂದು ಶಂಕ್ರಮ್ಮನದು. ಎಲ್ಲಕ್ಕಿಂತ ಬೆಳ್ಳಗಿದ್ದುದು ಸಾಬಮ್ಮನದು. ಪಂಚಶೀಲಾ ಕಾರಿಡಾರಿಗೆ ಹೋಗಿ ಫೋನ್ ಮಾಡಿದಳು.

"ಅವ್ವ, ಖರೇ ಹೇಳು. ಯಾರಿಗಾದ್ರೂ ಏನಾರ ತಿನಸೀದೇನು?"

"ಯಾರಿಗಾದ್ರೂ ಅಂದ್ರ?"

"ಅವ್ವ."

"ಎಲ್ಲಾರಿಗೂ. ನಸುಕಿನಾಗ, ಹಿತ್ತಲ ಬಾಗಿಲಿಲೆ ಕರದು. ಹೋಳಿಗಿ ಎರಡೆರಡು, ತುಪ್ಪ ಬೇಡಿದಷ್ಟು. ಹಸದು ಬಂದವರ ಮೈಯಾಗಿನ ರಕ್ತ ತಗೊಂಡು ಹಂಗೇ ಕಳಸಿದ್ರ ಊರಾಗ ನಾ ಮಾರಿ ಎತ್ತಿ ತಿರಗಬೇಕೋ ಬ್ಯಾಡೋ?"

"ಶಂಕ್ರಮ್ಮ ಅತ್ತಿಗೂ ತಿನಸೀದೇನು?"

"ಅಕಿ ನಮ್ಮನ್ಯಾಗ ಎಂದ ತಿಂದಾಳ?"

ನಿಜ. ಶಂಕ್ರಮ್ಮ ದಿನಕ್ಕೊಮ್ಮೆ ಸಾಬಮ್ಮನ ಅಂಗಳಕ್ಕೆ ಬಂದು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಆದರೆ ಜಾತಿ ನೋಡಿ ಸಾಬಮ್ಮನ ಕೇರಿಯ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಬಾಯಾರಿದರೆ ಮಾತು ನಿಲ್ಲಿಸಿ ತನ್ನ ಮನೆಗೆ ಹೋಗಿ, ಕುಡಿದು ಬಂದು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು.

ಇಪ್ಪತ್ತನೇ ತಾರೀಖಿಗೆ ಇನ್ನೊಂದೇ ಭಾನುವಾರ ಉಳಿದಿತ್ತು. ಪಂಚಶೀಲಾ ಮನೆಮನೆಗೆ ಹೋಗಿ, ತಲೆ ತಗ್ಗಿಸಿ, ಮತ್ತೊಮ್ಮೆ ರಕ್ತ ಕೇಳಿದಳು. ಹೋದ ವಾರದ್ದನ್ನು ಎಲ್ಲಿ ಚೆಲ್ಲಿದಿ ಎಂದು ಜನ ಕೇಳಿದರು. ಸುಳ್ಳು ಹೇಳಿ ಅವಳಿಗೆ ರೂಢಿಯಿಲ್ಲ. ನಿಮ್ಮ ರಕ್ತದಲ್ಲಿ ತುಪ್ಪ ಇತ್ತು ಎಂದಳು. ಆ ದಿನದಿಂದ ಇಬ್ಬರು ಮುದುಕರು ಇದನ್ನೇ ಹೇಳಿಕೊಂಡು ಎದೆ ಸೆಟೆಸಿ ನಡೆಯತೊಡಗಿದರು.

ಮೊದಲು ರಕ್ತ, ಆಮೇಲೆ ಹೋಳಿಗೆ ಎಂದು ಸಾಬಮ್ಮನನ್ನು ಒಪ್ಪಿಸಿದ್ದಾಯಿತು. "ಆದ್ರ ನನ್ನ ಕೈ ನನ್ನ ಮಾತು ಕೇಳಂಗಿಲ್ಲ," ಎಂದಳು ಅವಳು. "ಅಡಗಿಮನಿ ಬಾಗಿಲಿಗಿ ಒಬ್ಬರನ್ನ ಕಾವಲ ಇಡು."

ಕಾವಲಿಗೆ ಯಾರು? ಸಾಬಮ್ಮನ ಹೋಳಿಗೆಗೆ ಸೋಲದವರು ಊರಲ್ಲಿ ಒಬ್ಬರೇ. ಪಂಚಶೀಲಾ ಕೇಳಿದ ಕೂಡಲೇ ಶಂಕ್ರಮ್ಮ ಒಪ್ಪಿದಳು. ಅವಳ ಮೊದಲ ರಕ್ತ ಚೆನ್ನಾಗಿಯೇ ಇತ್ತು. ಆದರೂ ಎಲ್ಲರದೂ ಒಂದೇ ದಿನದ್ದಿರಲಿ ಎಂದು ಪಂಚಶೀಲಾ ಅವಳದನ್ನೂ ಮತ್ತೆ ತೆಗೆಯುವುದೆಂದು ಗೊತ್ತು ಮಾಡಿದಳು. ಹಳೆಯದನ್ನು ಎಸೆಯಲು ಮನಸ್ಸಾಗದೆ ಶೀತಪೆಟ್ಟಿಗೆಯಲ್ಲಿಟ್ಟಳು.

ಭಾನುವಾರ ಐದು ಗಂಟೆಗೇ ಶಂಕ್ರಮ್ಮ ಕೋಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಸಾಬಮ್ಮ ಬೇಯಿಸುತ್ತಿದ್ದಳು. "ದೂರ ಸರೀರಿ, ಮೂಗೂ ತೂರಸಬ್ಯಾಡ್ರಿ," ಎಂದು ಶಂಕ್ರಮ್ಮ ಗದರಿಸುವುದು ಪಡಸಾಲೆಗೂ ಕೇಳುತ್ತಿತ್ತು. ಮಾಪಣ್ಣ ಒಂದು ಚೂರು ಕೇಳಲು ಹೋಗಿ ಕೋಲಿನ ರುಚಿ ನೋಡಿ ಬಂದ. ಈ ಸಲ ಬಂದವರ ಮುಖದಲ್ಲಿ ತೃಪ್ತಿ ಇರಲಿಲ್ಲ. ಪಂಚಶೀಲಾಳಿಗೆ ಧೈರ್ಯ ಬಂತು. ಒಂಬತ್ತು ಗಂಟೆಗೆ ಕೊನೆಯವಳಾಗಿ ಶಂಕ್ರಮ್ಮ ಬಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, ತೋಳು ಚಾಚಿದಳು.

ಮಧ್ಯಾಹ್ನ ಹದಿನಾಲ್ಕು ಟ್ಯೂಬು ತಿಳಿಯಾಗಿ ಬಂದವು. ಹದಿನೈದನೆಯದು ಮಜ್ಜಿಗೆ.

ಪಂಚಶೀಲಾ ಅದರ ಮೇಲಿನ ಹೆಸರಿನ ಚೀಟಿಯನ್ನು ಮೂರು ಸಲ ಓದಿದಳು. ಆಮೇಲೆ ಸದ್ದಿಲ್ಲದೆ ಶೀತಪೆಟ್ಟಿಗೆಯಿಂದ ಹೋದ ವಾರದ್ದನ್ನು ತೆಗೆದು ಉಳಿದವುಗಳ ಸಾಲಿಗೆ ಸೇರಿಸಿದಳು. ಅಷ್ಟರಲ್ಲಿ ಸಾಬಮ್ಮನ ಫೋನ್ ಬಂತು.

"ಎಲ್ಲಾ ಚಲೋ ಬಂದಾವೇನು?"

"ಹದಿನೈದೂ ಆದ್ವು. ಶಂಕ್ರಮ್ಮ ಅತ್ತೀದು ಮಾತ್ರ ಹೋದ ವಾರದ್ದೇ ಹಿಡದೀನಿ."

ಸಾಬಮ್ಮ ದನಿ ಇಳಿಸಿದಳು. "ಬೈಬ್ಯಾಡವ್ವ. ನಾ ಕೊಡಲಿಲ್ಲ, ಅಕಿನೇ ಕೇಳಿದ್ಲು. ಇಷ್ಟು ವರ್ಷದಾಗ ಇದೇ ಮೊದಲ ಸಲ ಕೇಳ್ಯಾಳ. ಇಲ್ಲ ಅನ್ನಲೇನು ನಾ?"

ಪಂಚಶೀಲಾ ಬೆಳ್ಳಗಿನ ಟ್ಯೂಬನ್ನು ಬೆಳಕಿಗೆ ಹಿಡಿದಳು. "ಎಷ್ಟು ತಿಂದ್ಲು?"

"ನಾಕು. ಐದನೇದ್ದು ಬ್ಯಾಡ ಅಂದ್ಲು. ಕಾವಲ ಅದ ಅಂತ."

ಟ್ಯೂಬು ಕೈಬಿಟ್ಟದ್ದಕ್ಕೆ ದಾಖಲೆ ಪುಸ್ತಕದಲ್ಲಿ ಕಾರಣ ಬರೆಯಬೇಕಿತ್ತು. ಪಂಚಶೀಲಾ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ 'ಆಹಾರ ಸೇವಿಸಿದ್ದಾರೆ' ಎಂದು ಬರೆದಳು.

"ಮತ್ತ ಯಾರ್ರಿ ಇದು?" ಸುಧಾಕರ ಸರ್ ಭುಜದ ಮೇಲಿಂದ ಇಣುಕಿದರು. "ಏನ ತಿಂದಾರಂತ?"

"ರಕ್ತ ಕೊಟ್ಟವರ ಗುಟ್ಟು ಹೇಳಂಗಿಲ್ಲ ಸರ್," ಎಂದಳು ಪಂಚಶೀಲಾ. "ನಿಯಮ ಅದ."