ನೀರವ್ವನ ದೋಣಿ

ಸಾಲಿ ಮಾಸ್ತರರು ಕಲ್ಲಿನ ಮೇಲಿನ ಕುಂಕುಮವನ್ನು ಒದ್ದೆ ಅರಿವೆಯಿಂದ ಉಜ್ಜಿ ತೆಗೆದಾಗ ನಾನು ಹಿಂದೆ ಸರಿದು ಕೈಮುಗಿದೆ. ಅಣ್ಣಿಗೇರಿಯಲ್ಲಿ ನಮ್ಮ ಓಣಿಯ ಕೊನೆಗೆ ಆ ಕಲ್ಲಿದೆ. ಅದರ ಬುಡಕ್ಕೆ ದನ ನೀರು ಕುಡಿಯುವ ಹಳೆಯ ಕಲ್ಲುದೋಣಿ. ಅದಕ್ಕೆ ನೀರು ತರುತ್ತಿದ್ದ ಕಾಲುವೆ ಎಂದೋ ಮುಚ್ಚಿಹೋಗಿದೆ. ಆ ಕಲ್ಲೇ ನೀರವ್ವ, ದೋಣಿ ಒಣಗಿದರೆ ಮನೆ ಮುರಿಯುತ್ತಾಳೆ ಎಂದು ಅತ್ತೆ ಹೇಳಿದ್ದಳು. ಅವಳು ಸತ್ತಾಗಿನಿಂದ ನಾನೇ ದಿನಾ ಬೆಳಿಗ್ಗೆ ಬಾವಿಯಿಂದ ಕೊಡ ಹೊತ್ತು ತುಂಬುತ್ತಿದ್ದೆ.

ಮಾಸ್ತರರು ಕಲ್ಲಿನ ಅಕ್ಷರ ಓದಿದರು. “ಇದು ದೇವ್ರಲ್ಲಬೇ ಯಮ್ಮಾ, ಶಾಸನ. ದೋಣಿ ತುಂಬಾವ್ರಿಗೆ ಒಂದು ಹೊಲಾ ಬಿಟ್ಟೇವಂತ ಬರ್ದಾರ.”

“ಆ ಹೊಲಾ ಈಗ ಯಾರು ಉಣ್ಣಾಕತ್ತಾರ್ರಿ?”

“ನೂರಾರು ವರ್ಷದ ಮಾತು. ಯಾರಿಗೆ ಗೊತ್ತು?”

“ಹಂಗಾರ ಉಂಡಾವ್ರ ತುಂಬ್ಲಿ. ನನ್ನ ಸೊಂಟ ಬಿದ್ದೈತಿ,” ಎಂದು ಕೊಡ ಬೋರಲು ಹಾಕಿ ಮನೆಗೆ ಬಂದೆ.

ಮರುದಿನ ಹೊತ್ತೇರುವ ತನಕ ಮಲಗಿದೆ. ಎದ್ದು ನೋಡಿದರೆ ಓಣಿಯ ಎಮ್ಮೆಗಳು ಒಣ ದೋಣಿಗೆ ಮುಖ ಹಾಕಿ ನಿಂತಿದ್ದವು. ಹೊಡೆದರೂ ಕದಲಲಿಲ್ಲ.

ಈಗಲೂ ತುಂಬುತ್ತೇನೆ. ಮೊದಲು ಹೆದರಿಕೊಂಡು ತುಂಬುತ್ತಿದ್ದೆ, ಈಗ ಬೈದುಕೊಂಡು.