ಜಹಾಜಿನ ಚಾಚಾ

ಚಾಚಾನ ಹುಬ್ಬುಗಳಲ್ಲಿ ಒಂದು ಕೂದಲೂ ಇರಲಿಲ್ಲ. ಜಹಾಜಿನ ಒಲೆಗೆ ಕಲ್ಲಿದ್ದಲು ಹಾಕುತ್ತ ವರ್ಷಗಟ್ಟಲೆ ಬೆಂಕಿಯ ಮುಂದೆ ನಿಂತು ಸುಟ್ಟುಹೋದ ಕೂದಲು ಮತ್ತೆ ಬೆಳೆಯಲಿಲ್ಲ. ಹಾಗಾಗಿ ಮುಖ ನೋಡಿ ಅವರಿಗೆ ಸಿಟ್ಟೋ ಸಂತೋಷವೋ ಹೇಳುವುದು ಕಷ್ಟವಿತ್ತು. ನನ್ನ ತವರು ಮಸ್ಕಿಯಲ್ಲಿ ಅವರದು ನಮ್ಮ ಓಣಿಯದೇ ಮನೆ. ಅಪರೂಪಕ್ಕೆ ಮುಂಬಯಿಯಿಂದ ಬಂದಾಗ ಮಕ್ಕಳೆಲ್ಲ ಸುತ್ತ ಕೂತು, "ಸಮುದ್ರ ಹೆಂಗಿರ್ತದ್ರೀ?" ಎಂದು ಕೇಳುತ್ತಿದ್ದೆವು.

"ನಾ ಎಲ್ಲಿ ನೋಡೀನಿ ಬೇಟಿ? ಜಹಾಜ ಸಮುದ್ರದಾಗ ಹೋಗ್ತಿತ್ತು, ನಾ ಒಲಿ ಮುಂದ ಇರ್ತಿದ್ದೆ" ಎನ್ನುತ್ತಿದ್ದರು.

ನಲವತ್ತೆಂಟರ ಗಲಾಟೆಯಲ್ಲಿ ನಾನು ಸಿಂಧನೂರಿನ ಸೊಸೆ, ಕಂಕುಳಲ್ಲಿ ಮೊಲೆ ಬಿಡದ ಮಗ. ನವಾಬರ ಸಂಸ್ಥಾನ ಹಿಂದುಸ್ತಾನಕ್ಕೆ ಸೇರಬೇಕೆಂದು ಪೇಟೆಯಲ್ಲಿ ಭಾಷಣ ಮಾಡಿದ್ದಕ್ಕೆ ನನ್ನ ಯಜಮಾನರ ಮೇಲೆ ವಾರಂಟ್ ಹೊರಟಿತು. ಅವರು ತುಂಗಭದ್ರೆ ದಾಟಿ ಹೋದರು, ಆಮೇಲೆ ಸುದ್ದಿಯಿಲ್ಲ. ಅವರನ್ನು ಹುಡುಕುವ ಪೊಲೀಸರು ಹಗಲಲ್ಲೇ ಮನೆಯ ಬಾಗಿಲು ಒದೆಯತೊಡಗಿದಾಗ ಅಪ್ಪ ನನ್ನನ್ನೂ ಮಗನನ್ನೂ ಅತ್ತೆಯನ್ನೂ ರಾಯಚೂರಿಗೆ ಕರೆದೊಯ್ದು ಮುಂಬಯಿ ರೈಲು ಹತ್ತಿಸಿದರು. ಅಲ್ಲಿ ಇಳಿಸಿಕೊಳ್ಳಲು ಚಾಚಾ ಬರುವರೆಂದು ಕೇಳಿ ನಮ್ಮತ್ತೆ ಮುಖ ಬಿಗಿದರು.

"ಇಂಥ ಹೊತ್ತಿನ್ಯಾಗ ಸಾಬರ ಕೈಯಾಗ ನಮ್ಮನ್ನ ಕೊಡ್ತೀರೇನ್ರಿ ಬೀಗರೇ?"

"ಇಂಥ ಹೊತ್ತು ಅಂತನ ಅವರ ಕೈಯಾಗ ಕೊಡಾಕತ್ತೀನ್ರಿ" ಎಂದರು ಅಪ್ಪ.

ಚಾಚಾ ಇದ್ದದ್ದು ಹಮಾಲರ ಜೊತೆ ಒಂದೇ ಕೋಣೆಯಲ್ಲಿ. ಹೆಂಗಸರಿಗೆ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅವರು ದುಡಿದ ಜಹಾಜು ಆಗ ಮುಪ್ಪಾಗಿ, ವಿಲಾಯತಿಗೆ ಹೋಗುವುದು ನಿಂತು, ಬಂದರಿನಿಂದ ತುಸು ದೂರ ನೀರಿನಲ್ಲೇ ಲಂಗರು ಹಾಕಿತ್ತು. ಮಾಲೀಕರು ಅದಕ್ಕೆ ಹೊಸ ಬಣ್ಣ ಬಳಿಸಿ, ದೀಪದ ಸರ ಕಟ್ಟಿಸಿ, ಟಿಕೀಟು ಇಟ್ಟು ಜನರಿಗೆ ತೋರಿಸುತ್ತಿದ್ದರು. ಮಂದಿ ದೋಣಿಯಲ್ಲಿ ಬಂದು ಕಪ್ತಾನನ ಕೋಣೆ ನೋಡಿ, ಚಹಾ ಕುಡಿದು, ಬ್ಯಾಂಡು ಕೇಳಿ ಹೋಗುತ್ತಿದ್ದರು. ದೀಪಕ್ಕೆ ಬೇಕಾದ ಸಣ್ಣದೊಂದು ಬಾಯ್ಲರ್ ಚಾಚಾನ ಪಾಲಿಗೆ ಉಳಿದಿತ್ತು.

ಕಲ್ಲಿದ್ದಲಿನ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ತಳದಲ್ಲಿ ಬೀಗ ಬಿದ್ದಿದ್ದ ಬಡವರ ದರ್ಜೆಯ ಒಂದು ಕೋಣೆಯಲ್ಲಿ ನಮ್ಮನ್ನು ಬಿಟ್ಟರು. "ಖೋಲಿ ಸಿಗೂತನಾ ಇಲ್ಲೇ ಇರ್ರಿ. ಸಪ್ಪಳ ಮಾಡಬ್ಯಾಡ್ರಿ. ಮ್ಯಾನೇಜರಗ ಗೊತ್ತಾದ್ರ ನಿಮ್ಮನ್ನ ಪೊಲೀಸರ ಕೈಗೆ ಕೊಡ್ತಾನ, ನನ್ನ ನೌಕರಿ ತಗೀತಾನ."

ಗೋಡೆ, ಚಾವಣಿ, ನೆಲ, ಎಲ್ಲ ಕಬ್ಬಿಣ. ತಲೆಯ ಮೇಲೆ ಬೂಟುಗಳ ಸದ್ದು, ಬ್ಯಾಂಡಿನ ಸದ್ದು. ಮಗ ಬಾಯಿ ತೆರೆದರೆ ಸಾಕು, ನಾನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಯಾರೋ ಮೆಟ್ಟಿಲಿಳಿದಂತಾದರೆ ಅತ್ತೆ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಚಾಚಾ ಹೊಸ ಕೊಡ ಕೊಂಡು, ಅದರ ಕಂಠಕ್ಕೆ ಹಗ್ಗ ಕಟ್ಟಿ ನೀರು ತಂದು ಹೊಸ್ತಿಲಾಚೆ ಇಡುತ್ತಿದ್ದರು. "ಕೊಡ ಮುಟ್ಟಿಲ್ಲವ್ವಾ, ಹಗ್ಗ ಹಿಡಕೊಂಡ ತಂದೀನಿ." ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಚಾಚಾ ಹೋದ ಮೇಲೆ ಎದ್ದು ಕೊಡ ಒಳಗಿಟ್ಟುಕೊಳ್ಳುತ್ತಿದ್ದರು.

ಆ ಭಾನುವಾರ ಬೆಳಗಿನಿಂದಲೇ ಮಗನ ಮೈ ಸುಡುತ್ತಿತ್ತು. ಮಧ್ಯಾಹ್ನ ಜಹಾಜಿನ ತುಂಬ ಮಂದಿ. ಮ್ಯಾನೇಜರ್ ಯಾರೋ ದೊಡ್ಡವರನ್ನು ತಳಭಾಗ ತೋರಿಸಲು ಕರೆತಂದ. ಅದೇ ಹೊತ್ತಿಗೆ ಮಗ ಕಿರುಚತೊಡಗಿದ. ಮೊಲೆ ಕೊಟ್ಟೆ, ಹಿಡಿಯಲಿಲ್ಲ. ಬಾಗಿಲಾಚೆ ಒಮ್ಮೆಲೇ ಢಣ್ ಢಣ್ ಎಂದು ಸುತ್ತಿಗೆ ಏಟು ಶುರುವಾಯಿತು. ಚಾಚಾ ನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕೊಳವೆಯನ್ನು ಬಡಿಯುತ್ತಿದ್ದರು.

"ನಿಲ್ಲಿಸು!" ಮ್ಯಾನೇಜರ್ ಹಿಂದುಸ್ತಾನಿಯಲ್ಲಿ ಕೂಗಿದ.

"ಪೈಪ್ ಒಡದದ ಸಾಬ್!" ಎನ್ನುತ್ತ ಅವರು ಇನ್ನೂ ಜೋರಾಗಿ ಬಡಿದರು. ಮಗು ಅತ್ತಷ್ಟೂ ಹೊತ್ತು ಬಡಿದರು.

ಆಮೇಲೆ ಮಗು ಅಳುವುದನ್ನು ನಿಲ್ಲಿಸಿತು. ಕಣ್ಣು ಮೇಲಾಗಿ, ಕೈಕಾಲು ಸೆಟೆದುಕೊಂಡವು. "ಯವ್ವಾ!" ಎಂದು ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಆಚೆ ಸುತ್ತಿಗೆಯೂ ನಿಂತಿತು. ಮೌನ ಅವರಿಗೂ ಅರ್ಥವಾಗಿತ್ತು. ಮ್ಯಾನೇಜರ್ ಬೆನ್ನು ತಿರುಗಿಸಿ ಮೆಟ್ಟಿಲು ಹತ್ತುತ್ತಿದ್ದನಂತೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಚಾಚಾನ ನೌಕರಿ ಉಳಿಯುತ್ತಿತ್ತು.

ಅವರು ಬಾಗಿಲು ತೆರೆದರು. "ಸಾಬ್!" ಎಂದು ಕೂಗಿದರು. "ಕೂಸಿನ ಜೀವಕ್ಕ ಬಂದದ. ನನ್ನ ಏನರ ಮಾಡ್ರಿ, ಮೊದಲ ದೋಣಿ ಕೊಡ್ರಿ."

ಮ್ಯಾನೇಜರ್ ತಿರುಗಿ ಬಂದ. ನನ್ನನ್ನು, ವಿಭೂತಿಯ ಅತ್ತೆಯನ್ನು, ಚಾಚಾನ ಗಡ್ಡವನ್ನು ನೋಡಿದ. "ಯಾರು ಇವರು? ನಿನಗೇನಾಗಬೇಕು?"

ಪ್ರಶ್ನೆ ಅತ್ತೆಗೆ ಹೇಗೆ ತಿಳಿಯಿತೋ, ಹೊಸ್ತಿಲು ದಾಟಿ ಬಂದು ಮಗುವನ್ನು ನನ್ನ ಕೈಯಿಂದ ಎತ್ತಿ ಚಾಚಾನ ತೋಳಿಗೆ ಹಾಕಿದರು.

"ಇಂವ ನನ್ನ ತಮ್ಮ ಅದಾನ. ಹೇಳಬೇ ಅವಂಗ!"

ಸಾಲೆಯಲ್ಲಿ ಕಲಿತ ಉರ್ದುವಿನಲ್ಲಿ ನಾನೇ ಅದನ್ನು ಮ್ಯಾನೇಜರನಿಗೆ ಹೇಳಿದೆ. ಆತ ದೊಡ್ಡವರಿಗೆಂದು ಕಾದಿದ್ದ ದೋಣಿಯನ್ನೇ ಬಿಡಿಸಿದ. ನಾವು ಹತ್ತುವಾಗ ಚಾಚಾನಿಗೆ, "ನೀನು ಮತ್ತೆ ಬರಬೇಡ" ಎಂದ.

ದವಾಖಾನೆಯಲ್ಲಿ ಮಗ ಉಳಿದ. ಒಬ್ಬ ದಾದಿ ತನ್ನ ಮನೆಯ ಪಡಸಾಲೆಯಲ್ಲಿ ನಮಗೆ ಜಾಗ ಕೊಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಸಂಸ್ಥಾನ ಹಿಂದುಸ್ತಾನಕ್ಕೆ ಸೇರಿ, ಯಜಮಾನರು ಜೀವಂತ ಮನೆಗೆ ಬಂದ ಸುದ್ದಿ ತಲುಪಿತು. ಚಾಚಾ ನಮ್ಮನ್ನು ರೈಲು ಹತ್ತಿಸಿ, ಬಂದರಿನಲ್ಲಿ ಮೂಟೆ ಹೊರಲು ಅಲ್ಲೇ ಉಳಿದರು.

ಕೆಲವು ವರ್ಷಗಳ ಮೇಲೆ ಆ ಜಹಾಜನ್ನು ಗುಜರಿಗೆ ಮಾರಿದರಂತೆ. ಅದೇ ಸುಮಾರಿಗೆ ಚಾಚಾ ಕೆಮ್ಮುತ್ತ ಮಸ್ಕಿಗೆ ಮರಳಿದರು. ನೌಕರಿ ಯಾಕೆ ಬಿಟ್ಟೆಯೆಂದು ಓಣಿಯವರು ಕೇಳಿದರೆ, "ಜಹಾಜ ಮುದುಕಾತು, ನಾನೂ ಮುದುಕ ಆದೆ" ಎನ್ನುತ್ತಿದ್ದರೇ ಹೊರತು ನಮ್ಮ ಹೆಸರು ಎತ್ತಲಿಲ್ಲ. ಸಿಂಧನೂರಿಗೆ ಬಂದು ನಮ್ಮಲ್ಲೇ ಇರಿ ಎಂದು ನಾನೂ ಯಜಮಾನರೂ ಹೋಗಿ ಕರೆದೆವು.

"ಮಗಳ ಮನ್ಯಾಗ ಎಷ್ಟ ದಿನ ಇರಾಕ ಬರ್ತದವ್ವಾ?" ಎಂದು ನಕ್ಕರು.

ಕರ್ನಾಟಕ ಒಂದಾದ ವರ್ಷವೇ ಅವರು ತೀರಿಕೊಂಡರು. ಲಿಂಗಸುಗೂರಿನ ಡಾಕ್ಟರನ್ನು ಯಜಮಾನರು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶವದ ಡೋಲಿಗೆ ಯಜಮಾನರೂ ಹೆಗಲು ಕೊಟ್ಟರು. ಖಬರಸ್ತಾನಕ್ಕೆ ಹೆಂಗಸರು ಹೋಗುವಂತಿಲ್ಲ. ನಾನು ಚಾಚಾನ ಮನೆಯ ಬಾಗಿಲಲ್ಲೇ ನಿಂತು, ಎಲ್ಲರಂತೆ ನೀನೂ ಹಿಡಿ ಮಣ್ಣು ಹಾಕಿ ಬಾ ಎಂದು ಮಗನನ್ನು ಕಳಿಸಿದೆ. ತಿರುಗಿ ಬಂದವನು ಕೈತುಂಬ ಮಣ್ಣು ಮಾಡಿಕೊಂಡಿದ್ದ. ತೊಳೆಯಲು ನೀರು ಹಾಕುತ್ತ ನಾನು ಅವನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.