ಇಳಿಯಲು ಸೊನ್ನೆ ನಿಮಿಷ

ಇಪ್ಪತ್ತೆರಡು ವರ್ಷ ಗುಡ್ಡದ ಬಸ್ಸು ಓಡಿಸಿದ ಮನುಷ್ಯ ಅವನು. ಡಿಪೊದಿಂದ ಗುಡ್ಡದ ತುದಿಗೆ ಇಪ್ಪತ್ತು ಕಿಲೋಮೀಟರ್. ಹತ್ತಲು ಒಂದು ಗಂಟೆ, ಇಳಿಯಲು ಅರ್ಧ ಗಂಟೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ತಡ ಮಾಡಿದ ಎಂದು ಯಾರೂ ಬೆರಳು ತೋರಿಸಿರಲಿಲ್ಲ.

ಆಮೇಲೆ ಹೊಸ ಸಾಹೇಬ ಬಂದ. ಕೂತ ಕುರ್ಚಿ ಬಿಸಿಯಾಗುವ ಮೊದಲೇ ಟೈಂಟೇಬಲ್ ತಿದ್ದಿದ.

"ಹತ್ತೋವಾಗ ಗಂಟೆಗೆ ಇಪ್ಪತ್ತು, ಇಳಿಯೋವಾಗ ಅರವತ್ತು. ಸರಾಸರಿ ನಲವತ್ತು. ಹೋಗಿ ಬರೋಕೆ ನಲವತ್ತು ಕಿಲೋಮೀಟರ್. ಒಂದು ಗಂಟೆ ಸಾಕು."

ಮೊದಲ ವಾರವೇ ತಡವಾಗಿದ್ದಕ್ಕೆ ಒಂದು ಮೆಮೊ ಬಂತು. ಮೂರಾದರೆ ಸ್ಟೇರಿಂಗ್ ಬಿಟ್ಟು ಬಸ್ಸು ತೊಳೆಯಲು ಹೋಗಬೇಕು. ಹಟಕ್ಕೆ ಬಿದ್ದು ಒಂದು ದಿನ ಬೆಳಗಿನ ಟ್ರಿಪ್ಪಿನಲ್ಲಿ ಅರವತ್ತರಲ್ಲೇ ಇಳಿಸಿದ. ತಿರುವಿನಲ್ಲಿ ಮುದುಕಿಯೊಬ್ಬಳು ಸೀಟಿನಿಂದ ಜಾರಿ ಹಣೆ ಒಡೆದುಕೊಂಡಳು. ಅಷ್ಟಾದರೂ ಇಪ್ಪತ್ತು ನಿಮಿಷ ತಡ. ಎರಡನೆಯ ಮೆಮೊ ಕೈಗೆ ಬಂತು. ಮುದುಕಿಯ ರಕ್ತ ಕಂಡು ತನ್ನ ಮೇಲೇ ಅವನಿಗೆ ಅಸಹ್ಯವಾಗಿತ್ತು. ಆ ಅಸಹ್ಯವೆಲ್ಲ ಸಂಜೆಯ ಟ್ರಿಪ್ ಮುಗಿಸಿ ಮನೆ ಮುಟ್ಟುವಷ್ಟರಲ್ಲಿ ಕೋಪವಾಗಿತ್ತು.

ಗಾದೆಯಲ್ಲಿ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಹೋಗುತ್ತದೆ. ಇವನ ಮನೆಯಲ್ಲಿ ಸಾಹೇಬನ ಮೇಲಿನ ಕೋಪ ಅತ್ತೆಯ ಮೇಲೆ ಹೋಯಿತು. ಹೆಂಡತಿಯ ತಾಯಿ, ಗಣಿತದ ಟೀಚರಾಗಿ ನಿವೃತ್ತರಾದವರು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

"ನೋಡಿ, ನಿಮ್ಮ ಲೆಕ್ಕ ಕಲಿತೋರು ಮಾಡೋ ಕೆಲಸ," ಎಂದು ಮೆಮೊವನ್ನು ಅವರ ಮುಂದೆ ಒಗೆದ.

ಅತ್ತೆ ಜಗಳಕ್ಕೆ ಬರಲಿಲ್ಲ. ಕನ್ನಡಕ ಏರಿಸಿ, ಎಲ್ಲವನ್ನೂ ಕೇಳಿ ತಿಳಿದು, ಮೆಮೊದ ಹಿಂದೆಯೇ ಬರೆಯತೊಡಗಿದರು.

"ಅಳಿಯಂದ್ರೇ, ಇಳಿಯೋ ವೇಗ ಎಕ್ಸ್ ಅಂದ್ಕೊಳ್ಳಿ. ದೂರಾನ ವೇಗದಿಂದ ಭಾಗಿಸಿದ್ರೆ ಸಮಯ. ಹತ್ತೋಕೆ ಇಪ್ಪತ್ತು ಭಾಗಿಸು ಇಪ್ಪತ್ತು, ಒಂದು ಗಂಟೆ. ಇಳಿಯೋಕೆ ಇಪ್ಪತ್ತು ಭಾಗಿಸು ಎಕ್ಸ್. ಎರಡೂ ಕೂಡಿ ನಿಮ್ಮ ಸಾಹೇಬನಿಗೆ ಒಂದು ಗಂಟೆ ಆಗ್ಬೇಕು."

"ಹತ್ತೋಕೇ ಒಂದು ಗಂಟೆ ಆಯ್ತಲ್ಲ."

"ಅದೇ. ಇಳಿಯೋಕೆ ಸೊನ್ನೆ ನಿಮಿಷ ಉಳೀತು. ಎಕ್ಸ್‌ಗೆ ಉತ್ತರಾನೇ ಇಲ್ಲ. ವಿಮಾನ ಓಡಿಸಿದ್ರೂ ನಿಮಗೆ ತಡಾನೇ." ಕಾಗದ ಹರಿಯುವಷ್ಟು ಪೆನ್ನು ಒತ್ತಿ ಗೆರೆ ಎಳೆದರು. "ವೇಗಗಳನ್ನ ಕೂಡಿ ಎರಡರಿಂದ ಭಾಗಿಸಿದ ಮಕ್ಕಳಿಗೆ ನಾನು ಸೊನ್ನೆ ಹಾಕ್ತಿದ್ದೆ. ಅವರಲ್ಲೊಬ್ಬ ಸಾಹೇಬ ಆಗಿರ್ಬೇಕು."

ಹತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ಅಳಿಯ ಇಬ್ಬರೂ ಒಬ್ಬನನ್ನೇ ಬೈದುಕೊಂಡು ಊಟಕ್ಕೆ ಕೂತರು.

ಬೆಳಿಗ್ಗೆ ಸಾಹೇಬ ಆ ಹಾಳೆಯನ್ನು ಎರಡು ಸಲ ಓದಿದ. ಕಿವಿ ಕೆಂಪಾಯಿತು.

"ಲೆಕ್ಕ ಸರಿ ಇದೆ. ನಾಳೆಯಿಂದ ಹಳೇ ಒಂದೂವರೆ ಗಂಟೆನೇ ಇರ್ಲಿ," ಎಂದು ಟೈಂಟೇಬಲ್ ತಿದ್ದಿದ. ಆಮೇಲೆ ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದು ಮುಂದೆ ತಳ್ಳಿದ. "ಇದು ನಿನ್ನೆ ಸಂಜೆ ಟ್ರಿಪ್ ತಡ ಆಗಿದ್ದಕ್ಕೆ. ಮೂರನೇದು."

"ತಪ್ಪು ನಿಮ್ಮ ಟೈಂಟೇಬಲ್‌ದು ಸಾರ್. ಈಗ ತಾನೆ ನೀವೇ ಒಪ್ಪಿಕೊಂಡ್ರಲ್ಲ."

"ಹಾಗಂತ ಮೇಲಿನೋರಿಗೆ ಬರ್ಕೊಡ್ಲಾ? ನೀನು ತಡವಾಗಿ ಬಂದಿದ್ದು ನಿಜ ತಾನೆ? ಸಹಿ ಹಾಕು."

ಅವನು ಸಹಿ ಹಾಕಲಿಲ್ಲ. ಹಾಕದಿದ್ದರೂ ಬಸ್ಸಿನ ಕೀಲಿ ಕಿತ್ತುಕೊಂಡರು. ಮಧ್ಯಾಹ್ನದವರೆಗೆ ಹತ್ತು ಬಸ್ಸು ತೊಳೆದು ಒದ್ದೆ ಪ್ಯಾಂಟಿನಲ್ಲೇ ಮನೆಗೆ ಬಂದ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಯಾಕೆ, ನನ್ನ ಲೆಕ್ಕ ತಪ್ಪಾಗಿತ್ತಾ?"

"ಸರಿ ಇತ್ತು ಅತ್ತೆ. ಅದಕ್ಕೇ ನನ್ನ ಇಳಿಸಿದ್ರು."